ಕಾಲ್ದೆಸೆಯ ಸಾಲುಗಳು

ಪೌಲರಾಜ್ ತೀರಿಕೊಂಡ ಸುದ್ದಿ ಅಂತೋಣಿಯಮ್ಮನವರ ಮನೆಯಲ್ಲಿ ಒಂದೇ ದಿನ ಎರಡು ಸಲ ತಿಳಿಯಿತು. ಬೆಳಗ್ಗೆ ಹಾಲಿನ ಚೆಲುವಮ್ಮನ ಬಾಯಿಂದ. ಸಂಜೆ ಅಂತೋಣಿಯಮ್ಮನವರ ಬಾಯಿಂದಲೇ.

ಹೊಸ ಪೈಸೆ ಚಲಾವಣೆಗೆ ಬಂದ ಮರುವರ್ಷದ ಆಷಾಢ ಅದು. ಮಂಡಿ ಮೊಹಲ್ಲಾದಲ್ಲಿ ಮುಂಜಾನೆಯಿಂದಲೇ ತುಂತುರು ಹಿಡಿದಿತ್ತು. ಚೆಲುವಮ್ಮ ಹಾಲು ಅಳೆಯುತ್ತಿದ್ದವಳು ಕೈ ನಿಲ್ಲಿಸಿ, "ಅಮ್ಮಾ, ನಿಮ್ಮ ಬಡಗಿ ಪೌಲಣ್ಣ ಮಲಗಿದೋರು ಏಳಲೇ ಇಲ್ವಂತೆ" ಎಂದಳು. ಅಂತೋಣಿಯಮ್ಮ ಶಿಲುಬೆಯ ಗುರುತು ಹಾಕಿಕೊಂಡು, ಪಾತ್ರೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ಅವರ ಯಜಮಾನರು ಲೂರ್ದುಸ್ವಾಮಿ ಹಜಾರದ ಆರಾಮ ಕುರ್ಚಿಯಲ್ಲಿ ಒರಗಿ, ಕಣ್ಣು ಮುಚ್ಚಿ, ಎರಡನೆಯ ಲೋಟ ಕಾಫಿಗೆ ಕಾಯುತ್ತಿದ್ದರು.

"ರೀ, ಪೌಲಣ್ಣ ಹೋಗ್ಬುಟ್ರು ಕಣ್ರೀ."

"ಇಷ್ಟು ಬೆಳಗ್ಗೆ ಎಲ್ಲಿಗೆ?" ಎಂದರು ಲೂರ್ದುಸ್ವಾಮಿ. ಕಣ್ಣು ಬಿಟ್ಟು ಹೆಂಡತಿಯ ಮುಖ ನೋಡಿದರು. ಅರವತ್ತು ದಾಟಿದ ಆ ಮನುಷ್ಯ ಹೆಗಲ ಮೇಲಿನ ಟವಲನ್ನು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟರು.

ಇದು ಮೊದಲನೆಯ ಸಲ. ಮಧ್ಯಾಹ್ನ ಮಣ್ಣು ಮಾಡಿ ಬಂದರು. ಸ್ನಾನ ಮಾಡಿದರು, ಎರಡು ತುತ್ತು ಉಂಡರು, ಕುರ್ಚಿಯಲ್ಲಿ ಒರಗಿದರು, ನಿದ್ದೆ ಹೋದರು. ದೀಪ ಹಚ್ಚುವ ಹೊತ್ತಿಗೆ ಎಚ್ಚರವಾಯಿತು. ಬಾಗಿಲ ಕಡೆ ನೋಡಿ, "ಪೌಲ ಇನ್ನೂ ಬರಲಿಲ್ವಲ್ಲೇ? ಚೌಕಾಬಾರದ ಮಣೆ ಹಾಕು. ನಿನ್ನೆ ನನ್ನ ಕಾಯಿ ಕಡಿದು ಹಲ್ಲು ಕಿರಿದುಕೊಂಡು ಹೋದ. ಇವತ್ತು ಬಿಡಾಕಿಲ್ಲ" ಎಂದರು.

ಅಂತೋಣಿಯಮ್ಮನವರ ಕೈಯಲ್ಲಿದ್ದ ಬೆಂಕಿಕಡ್ಡಿ ಬೆರಳು ಸುಡುವವರೆಗೂ ಉರಿಯಿತು. "ನೀವೇ ಮಣ್ಣು ಹಾಕಿ ಬಂದ್ರಲ್ರೀ" ಎಂದರು ಮೆಲ್ಲಗೆ. ಲೂರ್ದುಸ್ವಾಮಿ ತಮ್ಮ ಬೆರಳುಗಳನ್ನು ನೋಡಿಕೊಂಡರು. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ಇನ್ನೂ ಇತ್ತು. ಹಾಗೆ ಅವರ ಗೆಳೆಯ ಅಂದು ಎರಡನೆಯ ಸಲ ಸತ್ತ.

ಇಷ್ಟೇ ಆಗಿದ್ದರೆ ನಿದ್ದೆಯ ಮಂಪರು ಎನ್ನಬಹುದಿತ್ತು. ಆದರೆ ಮಧ್ಯಾಹ್ನ ಸಾವಿನ ಮನೆಯಲ್ಲಿ ಆದ ರಂಪವನ್ನು ಯಾವ ಮಂಪರಿನ ತಲೆಗೆ ಕಟ್ಟುವುದು?

ಅವರ ಕೇರಿಯ ಕ್ರೈಸ್ತರಲ್ಲಿ ಒಂದು ವಾಡಿಕೆಯಿತ್ತು. ಶವವನ್ನು ಮನೆಯಿಂದ ಎತ್ತುವ ಮೊದಲು ಇಬ್ಬರು ಹಿರಿಯರು ಒಂದು ಮೊರೆಯನ್ನು ಹೇಳಬೇಕು. ಒಬ್ಬ ತಲೆದೆಸೆಯಲ್ಲಿ ಕೂತು ಒಂದು ಸಾಲು ಹೇಳಿದರೆ, ಇನ್ನೊಬ್ಬ ಕಾಲ್ದೆಸೆಯಲ್ಲಿ ಕೂತು ಅದಕ್ಕೆ ಜವಾಬು ಹೇಳಬೇಕು. ಹಿಂದಿನ ಕಾಲದ ಉಪದೇಶಿಯೊಬ್ಬರು ಇದನ್ನು ಬಾಯಿಪಾಠವಾಗಿ ಕಲಿಸಿದ್ದರು. ಲೂರ್ದುಸ್ವಾಮಿಗೆ ತಲೆದೆಸೆಯ ಸಾಲುಗಳು, ಪೌಲರಾಜ್‌ಗೆ ಕಾಲ್ದೆಸೆಯವು. ಇಬ್ಬರಿಗೂ ಎರಡನ್ನೂ ಕಲಿಸಿ ಎಂದು ಯಾರೋ ಕೇಳಿದ್ದಕ್ಕೆ ಆ ಮುದುಕರು, "ಒಬ್ಬನಿಗೇ ಪೂರಾ ಬಂದ್ಬುಟ್ರೆ ಜಂಬ ಬತ್ತದೆ. ಅರ್ಧರ್ಧ ಇದ್ರೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗ್ತಾರೆ" ಎಂದಿದ್ದರಂತೆ. ಅಂದಿನಿಂದ ಕೇರಿಯಲ್ಲಿ ಯಾರು ಕಣ್ಣು ಮುಚ್ಚಿದರೂ ಆ ಇಬ್ಬರೇ ಎರಡು ಕಡೆ. ಉಳಿದವರು ಆಮೇನ್ ಹೇಳಲಷ್ಟೇ ಬಲ್ಲರು. ಸಾವಿನ ಮನೆಯಲ್ಲಿ ಅಳುವವರು ಅಳುತ್ತಿರುತ್ತಾರೆ. ಅಳದವರು ಮಳೆ ನಿಂತೀತೇ ಎಂದು ಹೊರಗೆ ನೋಡುತ್ತಿರುತ್ತಾರೆ. ಸಾಲುಗಳನ್ನು ನೆನಪಿಟ್ಟುಕೊಳ್ಳುವವರು ಯಾರು?

ಅಂದು ಪೌಲರಾಜನೇ ಮಲಗಿದ್ದ. ಕಾಲ್ದೆಸೆ ಖಾಲಿಯಿತ್ತು. ಲೂರ್ದುಸ್ವಾಮಿ ತಲೆದೆಸೆಯಲ್ಲಿ ಕೂತು ಮೊದಲ ಸಾಲು ಹೇಳಿದರು. ಅಭ್ಯಾಸದಂತೆ ಜವಾಬಿಗೆ ಕಾದರು. ಜವಾಬು ಬರಲಿಲ್ಲ. ಎರಡನೆಯ ಸಾಲು ಹೇಳಿದರು, ಕಾದರು. ಮೂರನೆಯದಕ್ಕೆ ಬಾಯಿ ತೆರೆದರು. ತಮ್ಮ ಸಾಲೇ ಬರಲಿಲ್ಲ. ಗಾಬರಿಯಿಂದ, ಮೊರೆ ಮುಗಿದ ಮೇಲೆ ಹೇಳಬೇಕಾದ ಕೇರಿಯ ಮೃತರ ಹೆಸರುಗಳಿಗೆ ಹಾರಿದರು. "ನಮ್ಮನ್ನು ಅಗಲಿದ ರಾಯಪ್ಪನವರಿಗಾಗಿ, ಚಿನ್ನಪ್ಪನವರಿಗಾಗಿ, ಆರೋಗ್ಯಮ್ಮನವರಿಗಾಗಿ..."

"ಲೂರ್ದಣ್ಣಾ!" ಮೂಲೆಯಿಂದ ಒಂದು ಕೂಗು. ಆರೋಗ್ಯಮ್ಮ ಎದ್ದು ನಿಂತಿದ್ದರು, ಸೊಂಟದ ಮೇಲೆ ಕೈಯಿಟ್ಟು. "ನಾನಿನ್ನೂ ಇವ್ನಿ ಕಣಪ್ಪೋ! ಬೆಳಗ್ಗೆ ನಿಮ್ಮನೇಲೇ ಎಲೆ ಅಡಿಕೆ ಹಾಕ್ಕೊಂಡ್ ಬಂದಿವ್ನಿ!"

ಬಂದವರೆಲ್ಲ ಸೆರಗಿನಲ್ಲಿ, ಟವಲಿನಲ್ಲಿ ಮುಖ ಮುಚ್ಚಿಕೊಂಡರು. ಅಳುವಿನಂತೆ ಕಾಣುತ್ತಿತ್ತು, ಆದರೆ ಭುಜಗಳು ಬೇರೆ ರೀತಿ ಕುಲುಕುತ್ತಿದ್ದವು. ಪೌಲರಾಜನ ಹೆಂಡತಿ ಪೌಲಿನ್ ಕೂಡ ಕಣ್ಣೀರಿನ ನಡುವೆ ಪಕ್ಕನೆ ನಕ್ಕುಬಿಟ್ಟಳು. "ಅವರು ಕೇಳಿದ್ದಿದ್ರೆ ಎದ್ದು ಕೂತು ನಗೋರು" ಎಂದಳು, ಮತ್ತೆ ಅತ್ತಳು.

ಹೊರಡುವಾಗ ಪೌಲಿನ್ ಲೂರ್ದುಸ್ವಾಮಿಯ ಕೈ ಹಿಡಿದುಕೊಂಡಳು. "ಅಣ್ಣಾ, ಇವತ್ತು ಅರ್ಧಕ್ಕೇ ನಿಂತೋಯ್ತು. ಎಲ್ಲರ ಪಾಲಿಗೂ ಜವಾಬು ಹೇಳಿದೋರು ಅವರು. ಅವರ ಪಾಲಿಗೆ ಯಾರೂ ಹೇಳದೆ ಕಳಿಸಿಬಿಟ್ವಿ. ಮೂವತ್ತನೇ ದಿನದ ಪ್ರಾರ್ಥನೆಗೆ ನೀವೇ ಎರಡೂ ಕಡೆ ಹೇಳಿಬಿಡಿ. ನೀವು ಅಷ್ಟು ವರ್ಷ ಕೇಳಿದ್ದೀರಿ. ಇನ್ಯಾರಿಗೆ ಬರ್ತದೆ?"

ಲೂರ್ದುಸ್ವಾಮಿ ಹೂಂ ಎಂದರು. ಆ ಹೂಂ ಎಷ್ಟು ಟೊಳ್ಳೆಂದು ಅಂತೋಣಿಯಮ್ಮನವರಿಗೆ ಮಾತ್ರ ಗೊತ್ತಿತ್ತು.

ಇದೇ ಮನುಷ್ಯ ಒಂದು ಕಾಲದಲ್ಲಿ ಮಂಡಿ ಮೊಹಲ್ಲಾದ ಪೋಸ್ಟ್‌ಮ್ಯಾನ್. ಮಂಡಿಯ ಬೆಲ್ಲದಂಗಡಿಯಿಂದ ಅಶೋಕ ರಸ್ತೆಯವರೆಗೆ ಯಾವ ಮನೆಯಲ್ಲಿ ಯಾರು, ಯಾರ ಅಳಿಯ ಯಾವ ಊರಿನಲ್ಲಿ, ಯಾರ ಮನೆಯ ನಾಯಿಗೆ ಖಾಕಿ ಕಂಡರಾಗದು, ಎಲ್ಲವೂ ಬಾಯಲ್ಲೇ. ವಿಳಾಸ ಅಳಿಸಿಹೋದ ಕಾಗದವನ್ನು ಕೈಬರಹ ನೋಡಿಯೇ ಮನೆ ಮುಟ್ಟಿಸುತ್ತಿದ್ದರು. ನಿವೃತ್ತಿಯಾದ ದಿನ ಪೌಲರಾಜ್ ತಾನೇ ತೇಗದ ಮರದಲ್ಲಿ ಕಡೆದು, ಗಟ್ಟಿ ಕ್ಯಾನ್ವಾಸು ಕಟ್ಟಿ, ಒಂದು ಆರಾಮ ಕುರ್ಚಿ ತಂದುಕೊಟ್ಟ. "ಊರೆಲ್ಲಾ ಅಲೆದಿದ್ದು ಸಾಕು ಕಣೋ ಲೂರ್ದು, ಇನ್ನು ಕೂತ್ಕೋ" ಎಂದ. ಲೂರ್ದುಸ್ವಾಮಿ ಕೂತರು. ಕೂತವರು ಏಳಲಿಲ್ಲ. ಅಲ್ಲೇ ಕಾಫಿ, ಅಲ್ಲೇ ಬೋಂಡ, ಅಲ್ಲೇ ನಶ್ಯ, ಉಂಡ ಮೇಲೆ ಅಲ್ಲೇ ನಿದ್ದೆ, ನಿದ್ದೆಯಿಂದೆದ್ದರೆ ಮತ್ತೆ ಕಾಫಿ. ಭಾನುವಾರದ ಪೂಜೆಗೆ ದೊಡ್ಡ ಚರ್ಚಿಗೆ ಹೋಗುವುದಕ್ಕೂ ಜಟಕಾ. ಮೊದಲು ಕನ್ನಡಕ ಎಲ್ಲಿಟ್ಟೆ ಎನ್ನುವುದು ಮರೆಯಿತು. ಆಮೇಲೆ ಊಟ ಆಯಿತೇ ಎನ್ನುವುದು ಮರೆಯಿತು. ಅದರಲ್ಲಿ ಅವರಿಗೇನೂ ನಷ್ಟವಾಗಲಿಲ್ಲ, ಎರಡು ಸಲ ಉಣ್ಣುತ್ತಿದ್ದರು.

ಮರುದಿನ ಅಂತೋಣಿಯಮ್ಮ ಪಂಡಿತ ಸದಾಶಿವಯ್ಯನವರನ್ನು ಮನೆಗೇ ಕರೆಸಿದರು. ಪಂಡಿತರು ನಾಡಿ ನೋಡಿದರು, ನಾಲಿಗೆ ನೋಡಿದರು, ಬಹಳ ಹೊತ್ತು ಕುರ್ಚಿಯನ್ನು ನೋಡಿದರು.

"ಸ್ವಾಮಿ, ನಿಮ್ಮ ತಲೆ ಚೆನ್ನಾಗಿದೆ. ಕಾಲು ಕೆಲಸ ಬಿಟ್ಟಿದೆ ನೋಡಿ, ತಲೆಯೂ ಜೊತೆಗೆ ರಜಾ ಹಾಕಿದೆ. ಮಧ್ಯಾಹ್ನದ ನಿದ್ದೆ ಬಿಡಿ, ಕರಿದದ್ದು ಬಿಡಿ, ಬೆಳಗ್ಗೆ ಸಂಜೆ ನಡೀರಿ."

"ನಡಿಗೆ ಹೇಳೋದಕ್ಕೆ ಪಂಡಿತರು ಯಾಕ್ರೀ ಬೇಕು? ಔಷಧಿ ಏನಾದ್ರೂ ಇದ್ರೆ ಕೊಡಿ" ಎಂದರು ಲೂರ್ದುಸ್ವಾಮಿ.

ಪಂಡಿತರು ನಿಟ್ಟುಸಿರು ಬಿಟ್ಟು ಬ್ರಾಹ್ಮಿಯ ಲೇಹ್ಯ ಒಂದು ಜಾಡಿ ಕೊಟ್ಟರು. ದಿನಕ್ಕೊಂದು ಚಮಚ. ಲೇಹ್ಯ ಸಿಹಿಯಾಗಿತ್ತು. ಲೂರ್ದುಸ್ವಾಮಿ ಬೆಳಗ್ಗೆ ಒಂದು ಚಮಚ ತಿನ್ನುವರು, ತಿಂದದ್ದು ಮರೆತು ಹತ್ತು ಗಂಟೆಗೆ ಇನ್ನೊಂದು ತಿನ್ನುವರು, ಮಧ್ಯಾಹ್ನ ಯಾವುದಕ್ಕೂ ಇರಲೆಂದು ಮತ್ತೊಂದು. ತಿಂಗಳಿಗೆ ಬರಬೇಕಾದ ಜಾಡಿ ಹತ್ತೇ ದಿನಕ್ಕೆ ಬರಿದಾಯಿತು.

"ನೆನಪಿನ ಲೇಹ್ಯ ತಿಂದದ್ದೇ ನೆನಪಿಲ್ವಲ್ರೀ!" ಎಂದು ಅಂತೋಣಿಯಮ್ಮ ಹಣೆ ಚಚ್ಚಿಕೊಂಡರು.

"ಜಾಡಿ ಚಿಕ್ಕದಿತ್ತು" ಎಂದರು ಲೂರ್ದುಸ್ವಾಮಿ.

ಅಂದು ರಾತ್ರಿ ಜಪಮಾಲೆ ಮುಗಿಸಿದ ಮೇಲೆ ಅಂತೋಣಿಯಮ್ಮ ಮಾತೆ ಮರಿಯಳ ಪಟದ ಮುಂದೆ ಸ್ವಲ್ಪ ಹೊತ್ತು ಹೆಚ್ಚಿಗೆ ಕೂತರು. ಪೌಲಣ್ಣನ ಮೊರೆ ಪೂರಾ ಆಗಬೇಕು, ಇದು ಒಂದು. ಕುರ್ಚಿ ತಮ್ಮ ಗಂಡನನ್ನು ನುಂಗಿಹಾಕುವ ಮೊದಲು ಅವರನ್ನು ಹೊರಗೆಳೆಯಬೇಕು, ಇದು ಇನ್ನೊಂದು. ಎರಡೂ ಒಂದೇ ಕೆಲಸ ಎಂದು ಅವರಿಗೆ ಅಲ್ಲೇ ಹೊಳೆಯಿತು. ಹೊಳೆದ ಉಪಾಯದಲ್ಲಿ ಸುಳ್ಳು ಹೇಳಬೇಕಾಗಿತ್ತು. "ತಾಯಿ, ಪಾಪನಿವೇದನೆಗೆ ಆಮೇಲೆ ಹೋಗ್ತೀನಿ, ಈಗ ಸ್ವಲ್ಪ ಕಣ್ಣು ಮುಚ್ಚಿಕೊಂಡಿರು" ಎಂದು ಕೈ ಮುಗಿದು ಮಲಗಿದರು.

ಬೆಳಗ್ಗೆ ಲೂರ್ದುಸ್ವಾಮಿ ಎದ್ದು ಬಂದು ನೋಡುತ್ತಾರೆ, ಕುರ್ಚಿಯ ಮರದ ಚೌಕಟ್ಟು ಮಾತ್ರ ಇದೆ. ಕ್ಯಾನ್ವಾಸು ಹಿತ್ತಲಿನ ಹಗ್ಗದ ಮೇಲೆ ಸೋರುತ್ತಾ ನೇತಾಡುತ್ತಿದೆ.

"ಏನೇ ಇದು?"

"ಕೊಳೆಯಾಗಿತ್ತು ಕಣ್ರೀ, ಒಗೆದಾಕ್ದೆ. ಒಣಗಿದ ಮೇಲೆ ಕಟ್ಟಿಕೊಡ್ತೀನಿ."

"ಆಷಾಢದಲ್ಲಿ ಕ್ಯಾನ್ವಾಸು ಒಣಗ್ತದೇನೇ?"

"ಅಯ್ಯೋ! ಆಷಾಢ ಅನ್ನೋದೇ ಮರೆತೋಯ್ತು ನೋಡಿ."

ಬಿಸಿಲು ಇಣುಕಿದಾಗಲೆಲ್ಲ ಅಂತೋಣಿಯಮ್ಮ ಹಿತ್ತಲಿಗೆ ಹೋಗಿ ಅದರ ಮೇಲೆ ಒಂದು ಚೊಂಬು ನೀರು ಚೆಲ್ಲಿ ಬರುತ್ತಿದ್ದರು ಎನ್ನುವುದು ಬೇರೆ ಮಾತು.

ಕೂರಲು ಮರದ ಬೆಂಚು ಮಾತ್ರ ಉಳಿಯಿತು. ಅದರ ಮೇಲೆ ಯಾರಿಗೆ ನಿದ್ದೆ ಬಂದೀತು? ಆಮೇಲೆ ಅಂತೋಣಿಯಮ್ಮನವರ ಮರೆವು ದಿನದಿನಕ್ಕೆ ಹೆಚ್ಚಿತು. ಒಲೆಯ ಮೇಲೆ ಬೇಳೆ ಇಟ್ಟು, "ರೀ, ಇಂಗು ಮುಗಿದದ್ದು ಮರೆತ್ಬುಟ್ಟೆ, ಮಂಡಿಯಿಂದ ತನ್ನಿ" ಎನ್ನುವರು. ಲೂರ್ದುಸ್ವಾಮಿ ಕೊಡೆ ಹಿಡಿದು ಹೋಗಿ ಬಂದು ಚಪ್ಪಲಿ ಬಿಡುವ ಹೊತ್ತಿಗೆ, "ಅಯ್ಯೋ ರಾಮನೆ, ಬೆಲ್ಲ!" ಎನ್ನುವರು. ಕ್ರೈಸ್ತರ ಮನೆಯಲ್ಲೂ ರಾಮನನ್ನು ಕರೆಯಬೇಕಾದಷ್ಟು ತುರ್ತು ಅದು. ಸಂಜೆ ಪೌಲಿನ್‌ಗೆ ಗಂಜಿ ಕೊಟ್ಟು ಬರಬೇಕು. ಕೊಟ್ಟು ಬಂದರೆ ಪಾತ್ರೆ ವಾಪಸು ತರುವುದು ಮರೆತದ್ದಕ್ಕೆ ಮತ್ತೆ ಹೋಗಬೇಕು.

ಮೊದಮೊದಲು ಲೂರ್ದುಸ್ವಾಮಿ ಗೊಣಗಿದರು. ಆಮೇಲೆ ಅವರಿಗೆ ಒಂದು ವಿಚಿತ್ರವಾದ ಹೆಮ್ಮೆ ಬಂತು. ಮನೆಯಲ್ಲಿ ತಮಗಿಂತ ಹೆಚ್ಚು ಮರೆಯುವವರು ಒಬ್ಬರು ಸಿಕ್ಕಿದ್ದರು.

"ಏನೇ ನಿನ್ನ ಗತಿ! ಇಷ್ಟು ಬೇಗ ಹಿಂಗಾಗ್ಬುಟ್ಟೆ? ಆ ಪಂಡಿತರ ಲೇಹ್ಯ ತಂದ್ಕೊಡ್ಲಾ?"

"ತನ್ನಿ" ಎಂದರು ಅಂತೋಣಿಯಮ್ಮ ತಲೆ ತಗ್ಗಿಸಿ. ಪಂಡಿತರ ಅಂಗಡಿ ಮೊಹಲ್ಲಾದ ಆ ತುದಿಯಲ್ಲಿತ್ತು.

ಹೀಗೆ ಓಡಾಡುತ್ತಾ ಲೂರ್ದುಸ್ವಾಮಿಯ ಕಾಲುಗಳು ತಾವಾಗಿಯೇ ಹಳೆಯ ಅಂಚೆಯ ದಾರಿ ಹಿಡಿದವು. ಬೆಲ್ಲದಂಗಡಿಯ ಸಿದ್ದರಾಜು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ, "ಏನ್ ಪೋಸ್ಟ್‌ಮ್ಯಾನ್ರೆ, ನಂಗೆ ಕಾಗದ ಇಲ್ವಾ?" ಎಂದು ಕೂಗಿದ. "ನಿನ್ನ ಬೀಗರು ಬೈದು ಬರೆದಿರೋದು ಒಂದು ಬತ್ತಾ ಐತೆ ತಾಳು" ಎಂದರು ಇವರು. ಎಷ್ಟೋ ವರ್ಷಗಳ ಹಿಂದಿನ ಬೀಗರ ಜಗಳ ಅವರಿಗೆ ಹೇಗೆ ನೆನಪಾಯಿತೆಂದು ಸಿದ್ದರಾಜು ಬಾಯಿಬಿಟ್ಟ. ಇವರಿಗೇ ಆಶ್ಚರ್ಯವಾಗಿತ್ತು.

ಅಲ್ಲಿಂದ ಮುಂದಿನ ತಿರುವಿನಲ್ಲಿ ಪೌಲರಾಜನ ಮರಗೆಲಸದ ಕೊಟ್ಟಿಗೆ. ಬಾಗಿಲು ಹಾಕಿತ್ತು. ಅಂಚೆಯ ಚೀಲ ಹೊತ್ತ ಕಾಲದಲ್ಲಿ ಲೂರ್ದುಸ್ವಾಮಿ ಈ ತಿರುವಿಗೆ ಬಂದರೆ ಸಾಕು, ಪೌಲರಾಜ್ ಉಜ್ಜುಗೊರಡು ಹಿಡಿದೇ ಒಳಗಿನಿಂದ ಕಾಲ್ದೆಸೆಯ ಒಂದು ಸಾಲನ್ನು ದೊಡ್ಡ ದನಿಯಲ್ಲಿ ಒಗೆಯುತ್ತಿದ್ದ. ಅದು ಯಾವ ಸಾಲಿನ ಜವಾಬೆಂದು ಗುರುತಿಸಿ, ನಿಲ್ಲದೆ, ನಡೆಯುತ್ತಲೇ ಇವರು ತಿರುಗಿ ಹೇಳಬೇಕು. ಹೇಳಲಾಗದಿದ್ದರೆ ಸಂಜೆಯ ಕಾಫಿಯ ಕಾಸು ಇವರದು. ದೇವರ ಮೊರೆಯಲ್ಲಿ ಹುಡುಗಾಟವೇ ಎಂದು ಚರ್ಚಿನ ಸ್ವಾಮಿಗಳು ಒಮ್ಮೆ ಇಬ್ಬರನ್ನೂ ಗದರಿದ್ದುಂಟು.

ಮುಚ್ಚಿದ ಬಾಗಿಲನ್ನು ದಾಟಿ ನಾಲ್ಕು ಹೆಜ್ಜೆ ಹೋದದ್ದೇ ತಡ, ಲೂರ್ದುಸ್ವಾಮಿಯ ಬಾಯಿಂದ ಒಂದು ಸಾಲು ಹೊರಬಿತ್ತು. "ಎಡವಿದ್ದನ್ನು ಎಣಿಸಬೇಡಿ ಸ್ವಾಮಿ, ನಡೆದದ್ದನ್ನು ಎಣಿಸಿ." ತಮ್ಮದಲ್ಲ, ಪೌಲರಾಜನದು. ಅವರು ಕೊಡೆ ಮಡಿಸಿಕೊಂಡು ಮಳೆಯಲ್ಲೇ ಮನೆಗೆ ಓಡುನಡಿಗೆಯಲ್ಲಿ ಬಂದರು.

"ಬಂತು ಕಣೇ! ಒಂದು ಬಂತು!"

"ಹೇಳಿ, ಹೇಳಿ!"

ಲೂರ್ದುಸ್ವಾಮಿ ಬೆಂಚಿನ ಮೇಲೆ ಕೂತು ಉಸಿರು ತೆಗೆದುಕೊಂಡು ಬಾಯಿ ತೆರೆದರು. ತೆರೆದ ಬಾಯಿ ತೆರೆದೇ ಇತ್ತು. "ಇಲ್ಲೇ ಇತ್ತಲ್ಲೇ..." ಎಂದರು ಮಗುವಿನ ಹಾಗೆ.

ಅಂತೋಣಿಯಮ್ಮ ನಗಲಿಲ್ಲ. ನಗು ಬಂದಿತ್ತು, ನುಂಗಿಕೊಂಡರು. "ಎದ್ದೇಳಿ. ಹಜಾರದಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೀರಿ" ಎಂದರು. ಮೂರನೆಯ ಸುತ್ತಿಗೆ ಸಾಲು ಮತ್ತೆ ಬಂತು.

ಆಮೇಲಿನ ದಿನಗಳು ಹೀಗೇ. ನಡೆದರೆ ಬರುವುದು, ಕೂತರೆ ಹೋಗುವುದು. ದೊಡ್ಡ ಚರ್ಚಿನ ಮುಂದಿನ ರಸ್ತೆಯಲ್ಲಿ ಒಂದು ಸಾಲು, ಹುಣಸೆಹಣ್ಣಿನ ಮಂಡಿಯ ಬಾಗಿಲಲ್ಲಿ ಒಂದು. ಓಣಿಯ ಹೆಂಗಸರು ಕಿಟಕಿಯಿಂದ ನೋಡಿ, "ಗೆಳೆಯ ಹೋದ ಮೇಲೆ ಲೂರ್ದಣ್ಣ ಒಬ್ರೇ ಮಾತಾಡ್ಕೊಂಡ್ ತಿರುಗ್ತಾರೆ, ಪಾಪ" ಎಂದು ಲೊಚಗುಟ್ಟಿದರು. ಆರೋಗ್ಯಮ್ಮ ಮಾತ್ರ ಅವರು ಹತ್ತಿರ ಬಂದಾಗಲೆಲ್ಲ, "ನೋಡ್ಕೊಳಪ್ಪಾ, ಜೀವಂತವಾಗಿವ್ನಿ" ಎಂದು ಕೈಬಳೆ ಅಲ್ಲಾಡಿಸಿ ತೋರಿಸುತ್ತಿದ್ದರು.

ಮೂವತ್ತನೆಯ ದಿನಕ್ಕೆ ಇನ್ನೇನು ವಾರವಿದೆ ಎನ್ನುವಾಗ ಅಂತೋಣಿಯಮ್ಮ ಒಲೆಯ ಮುಂದಿನಿಂದ ಕೂಗಿದರು. "ರೀ, ಇಂಗು ಮುಗಿದದೆ."

ಲೂರ್ದುಸ್ವಾಮಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. "ಸೋಮವಾರ ಒಂದು ಡಬ್ಬಿ ತಂದೆ. ಬುಧವಾರ ಒಂದು ತಂದೆ. ನಿನ್ನೆ ತಂದದ್ದರ ಮುಚ್ಚಳ ಹಳದಿ. ಮೂರೂ ರಾಗಿ ಮಡಕೆಯ ಹಿಂದೆ ಅವೆ. ಇಷ್ಟು ಇಂಗು ಹಾಕಿ ಯಾವ ಊರಿಗೆ ಸಾರು ಮಾಡ್ತೀಯೇ?"

ಅಂತೋಣಿಯಮ್ಮ ಸೌಟು ಹಿಡಿದೇ ತಿರುಗಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಮುಖ ಅಷ್ಟು ಅರಳಿದ್ದನ್ನು ಲೂರ್ದುಸ್ವಾಮಿ ಎಲ್ಲೂ ಕಂಡಿರಲಿಲ್ಲ.

"ಮುಚ್ಚಳದ ಬಣ್ಣನೂ ನೆನಪಿದ್ಯೇನ್ರೀ?"

"ಕ್ಯಾನ್ವಾಸಿಗೆ ನೀರು ಹೊಯ್ಯೋದೂ ಗೊತ್ತು. ಗೊತ್ತಿಲ್ಲದಂಗಿದ್ದೆ." ಅವರು ಚಪ್ಪಲಿ ಮೆಟ್ಟಿಕೊಂಡರು. "ಇಂಗು ಬೇಡ. ಬೇರೆ ಏನಾದ್ರೂ ಮರಿ. ಇನ್ನೂ ಒಂದು ಸಾಲು ಸಿಕ್ಕಿಲ್ಲ, ಕೊನೇದು."

ಅಂತೋಣಿಯಮ್ಮ ಅವತ್ತು ಸಾಸಿವೆ ಮರೆತರು. ಮಾರನೆಯ ದಿನ ಉಪ್ಪು. ಕೊನೆಯ ಸಾಲು ಮಾತ್ರ ಬರಲೇ ಇಲ್ಲ. ಮಂಡಕಳ್ಳಿಯ ದಾರಿ ಹಿಡಿದು ಊರಾಚೆ ಹೋಗಿ ಬಂದರೂ ಬರಲಿಲ್ಲ. ಇಡೀ ಮೊರೆ ನಿಲ್ಲುವುದು ಆ ಸಾಲಿನ ಮೇಲೆ. ಅದಿಲ್ಲದಿದ್ದರೆ ಪೌಲರಾಜನನ್ನು ಹೊಸಲಿನವರೆಗೂ ಕರೆದೊಯ್ದು ಹೊರಗೇ ಬಿಟ್ಟು ಬಂದಂತೆ.

"ಆ ಸಾಲನ್ನ ಅವನು ಬೀದಿಯಲ್ಲಿ ಯಾವತ್ತೂ ಹೇಳ್ತಿರಲಿಲ್ಲ ಕಣೇ. ಅದು ಆಟದ ಮಾತಲ್ಲ ಅಂತಿದ್ದ. ಅದಕ್ಕೇ ಬೀದಿಯಲ್ಲಿ ಸಿಗ್ತಿಲ್ಲ" ಎಂದರು ಲೂರ್ದುಸ್ವಾಮಿ. ಅಂತೋಣಿಯಮ್ಮನವರ ಉಪಾಯದ ಬುಟ್ಟಿಯಲ್ಲಿ ಇದಕ್ಕೆ ಏನೂ ಇರಲಿಲ್ಲ.

ಮೂವತ್ತನೆಯ ದಿನ ಸಂಜೆ ಪೌಲಿನ್ ಶವವಿಟ್ಟಿದ್ದ ಜಾಗದಲ್ಲೇ ಚಾಪೆ ಹಾಸಿದ್ದಳು. ತಲೆದೆಸೆಯಲ್ಲಿ ಮೇಣದ ಬತ್ತಿ, ಕಾಲ್ದೆಸೆಯಲ್ಲಿ ಮರದ ಶಿಲುಬೆ. ಎರಡು ಕಡೆಯೂ ಮಣೆ. ಕೇರಿಯವರೆಲ್ಲ ಬಂದು ಗೋಡೆಗೆ ಒರಗಿ ಕೂತಿದ್ದರು. ಆರೋಗ್ಯಮ್ಮ ಎಲ್ಲರಿಗೂ ಕಾಣುವಂತೆ ಮುಂದೆಯೇ ಕೂತಿದ್ದರು.

ಲೂರ್ದುಸ್ವಾಮಿ ತಲೆದೆಸೆಯ ಮಣೆಯ ಮೇಲೆ ಕೂತು ಶಿಲುಬೆಯ ಗುರುತು ಹಾಕಿಕೊಂಡರು. "ಮಣ್ಣಿನಿಂದ ನಮ್ಮನ್ನು ಮಾಡಿದ ತಂದೆಯೇ, ನಿಮ್ಮ ಮಗ ಮನೆಗೆ ಬರುತ್ತಿದ್ದಾನೆ." ಮುಂದೆ? ಜವಾಬು? ಕೂತ ಕಾಲುಗಳಲ್ಲಿ ಜವಾಬು ಇರಲಿಲ್ಲ. ಯಾರೋ ಕೆಮ್ಮಿದರು.

ಲೂರ್ದುಸ್ವಾಮಿ ಹೆಂಡತಿಯ ಕಡೆ ನೋಡಿದರು. ಅಂತೋಣಿಯಮ್ಮ ಸೆರಗಿನ ಮರೆಯಲ್ಲಿ ಎರಡು ಬೆರಳುಗಳನ್ನು ನೆಲದ ಮೇಲೆ ಹೆಜ್ಜೆ ಹಾಕುವಂತೆ ಆಡಿಸಿದರು.

ಅವರು ಎದ್ದರು. ಚಾಪೆಯ ಅಂಚಿನಲ್ಲೇ ನಡೆದು ಕಾಲ್ದೆಸೆಗೆ ಹೋದರು. "ಕಾಲು ದಣಿದಿವೆ ಸ್ವಾಮಿ, ಬಾಗಿಲು ತೆರೆದಿಡಿ." ತಿರುಗಿ ತಲೆದೆಸೆಗೆ ಬಂದರು. "ದಾರಿಯಲ್ಲಿ ಇವನು ಎಡವಿದ್ದುಂಟು." ಮತ್ತೆ ಕಾಲ್ದೆಸೆಗೆ. "ಎಡವಿದ್ದನ್ನು ಎಣಿಸಬೇಡಿ ಸ್ವಾಮಿ, ನಡೆದದ್ದನ್ನು ಎಣಿಸಿ."

ಕೂತು ಹೇಳಬೇಕಾದ ಮೊರೆಯನ್ನು ಹೀಗೆ ಕಾಗದ ಹಂಚುವವರಂತೆ ಅಲೆದಾಡಿ ಹೇಳುವುದನ್ನು ಕೇರಿ ಕಂಡಿರಲಿಲ್ಲ. ಒಂದಿಬ್ಬರು ಸೆರಗು ಬಾಯಿಗೆ ತಂದರು. ಲೂರ್ದುಸ್ವಾಮಿ ನಿಲ್ಲಲಿಲ್ಲ. ತಲೆದೆಸೆಯಲ್ಲಿ ಅವರ ದನಿ ಅವರದೇ ಆಗಿತ್ತು. ಕಾಲ್ದೆಸೆಯಲ್ಲಿ ತಿರುಗಿದಾಗ ಅದು ದಪ್ಪವಾಗಿ, ಸ್ವಲ್ಪ ರಾಗ ಎಳೆದುಕೊಂಡು ಬರುತ್ತಿತ್ತು. ಪೌಲಿನ್ ತಲೆಯೆತ್ತಿ ಕಿವಿಗೊಟ್ಟಳು. ನಗು ಎಲ್ಲೋ ಉಡುಗಿಹೋಯಿತು.

"ಇವನ ಕೈಯಲ್ಲಿ ಕಾಣಿಕೆಯಿಲ್ಲ."

"ಬರಿಗೈಯಲ್ಲಿ ಬಂದವನಿಗೆ ನಿಮ್ಮ ಕೈಯೇ ಸಾಕು ಸ್ವಾಮಿ."

ಇನ್ನು ಕೊನೆಯದು. ತಲೆದೆಸೆಯಲ್ಲಿ ನಿಂತು, ಮೇಣದ ಬತ್ತಿ ನೋಡುತ್ತಾ, "ಇವನ ದೀಪ ಆರಿತು" ಎಂದರು. ಕಾಲ್ದೆಸೆಗೆ ಹೊರಟರು. ಅಂತೋಣಿಯಮ್ಮ ಕಣ್ಣು ಮುಚ್ಚಿಕೊಂಡರು. ಹೆಜ್ಜೆಯ ಸದ್ದು ಮುಗಿಯಿತು. ಲೂರ್ದುಸ್ವಾಮಿಗೆ ಸಾಲು ಬಂದಿರಲಿಲ್ಲ. ಆಮೇಲೆ, ನಡೆಯಲು ಇನ್ನು ಜಾಗವಿಲ್ಲದಾಗ, ಗೆಳೆಯ ಅಷ್ಟು ವರ್ಷ ಕೂತಿದ್ದ ಆ ಖಾಲಿ ಮಣೆಯ ಮೇಲೆ ಮೆಲ್ಲಗೆ ಕೂತರು. ಅಲ್ಲಿಂದ ಅವರು ಮೊದಲ ಬಾರಿಗೆ ನೋಡಿದ್ದು ತಲೆದೆಸೆಯ ಬೆಳಕನ್ನು. ಪೌಲರಾಜ್ ಪ್ರತಿಯೊಂದು ಸಾವಿನಲ್ಲಿಯೂ ನೋಡುತ್ತಿದ್ದದ್ದು ಅದನ್ನೇ.

ಮಾತು ಬಂತು. ಕೇರಿಯೆಲ್ಲ ಎದ್ದು ನಿಂತು ಕೈ ಮುಗಿಯಿತು.

"ನಿಮ್ಮ ಬೆಳಕು ಆರದು ಸ್ವಾಮಿ. ನಮ್ಮ ಪೌಲರಾಜನನ್ನು ಅದರಲ್ಲಿ ಇರಿಸಿ. ಅವನ ಆತ್ಮಕ್ಕೆ ದಣಿವಿಲ್ಲದ ಶಾಂತಿಯನ್ನು ಕೊಡಿ. ಆಮೇನ್."